ಹಸಿ ಕಿಟಕಿ

ಅರ್ಜಿದಾರರು ಬಚ್ಚಲುಮನೆಯಿಂದ ಇನ್ನೂ ಹೊರಗೆ ಬಂದಿರಲಿಲ್ಲ. ಅವನು ಹೆಗಲ ಮೇಲೆ ಟವೆಲು ಹಾಕಿಕೊಂಡು, ಬಾಗಿಲು ತಟ್ಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದ. ಬೇರೆ ದಿನವಾಗಿದ್ದರೆ "ಇನ್ನೂ ಎಷ್ಟೊತ್ತೇ?" ಎಂದು ಕೂಗಿ, ಒಳಗಿನಿಂದ "ಬಂದೆ ರೀ" ಎಂಬ ಉತ್ತರ ಪಡೆದು, ಅದಾದ ಮೇಲೂ ಸಾಕಷ್ಟು ಹೊತ್ತು ಕಾಯುತ್ತಿದ್ದ. ಇವತ್ತು ಹಾಗಲ್ಲ. ಇವತ್ತು ಪಾರಂಪರಿಕ ಕಟ್ಟಡಗಳ ಸಮಿತಿಯ ಮುಂದೆ ಅವನ ಹೆಂಡತಿ ಅರ್ಜಿದಾರಳು, ಅವನು ಪರಿಣತ ಸದಸ್ಯ. ತೀರ್ಮಾನವಾಗುವವರೆಗೆ ಸದಸ್ಯರು ಅರ್ಜಿದಾರರ ಜೊತೆ ಮಾತುಕತೆ ನಡೆಸಕೂಡದು ಎಂಬ ನಿಯಮವನ್ನು ಬರೆದವನೂ ಅವನೇ. ಬಾಗಿಲು ತಟ್ಟಿದರೆ ಅದು ಮಾತುಕತೆಯಾಗುತ್ತದೆಯೋ ಇಲ್ಲವೋ ಎಂದು ಬರೆಯುವಾಗ ಹೊಳೆದಿರಲಿಲ್ಲ. ಅವಳು ಹೊರಗೆ ಬಂದಳು, ಒದ್ದೆ ಕೂದಲು ಕಟ್ಟಿಕೊಂಡು, ಅವನನ್ನು ಕಂಬ ಸುತ್ತಿಹೋಗುವ ಹಾಗೆ ಸುತ್ತಿ ಹೋದಳು. ಆಮೇಲೆ ಅವನು ಹಜಾರಕ್ಕೆ ಬಂದಾಗ ಟೀ ಮೇಜಿನ ಮೇಲಿತ್ತು, ತಟ್ಟೆ ಮುಚ್ಚಿಟ್ಟಿತ್ತು. ಕುಡಿಯಬಹುದೇ, ಇದು ಅರ್ಜಿದಾರರಿಂದ ಪಡೆದ ಉಪಕಾರವಾಗುತ್ತದೆಯೇ ಎಂದು ಅರೆಕ್ಷಣ ಅನುಮಾನಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕುಡಿದ. ಸಕ್ಕರೆ ಹಾಕಿರಲಿಲ್ಲ. ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಕೇಳುವ ಹಾಗಿರಲಿಲ್ಲ.

ತಪ್ಪು ಅವನದೇ. ಊರಿನ ಹಳೆಯ ಮನೆಗಳಲ್ಲಿ ಯಾವುದನ್ನು ಮುಟ್ಟಬಾರದು ಎಂದು ಪಟ್ಟಿ ಮಾಡುವ ಕೆಲಸ ಸಿಕ್ಕಾಗ, ನಾಳೆ ಯಾರೂ ಬೆರಳು ತೋರಿಸಬಾರದೆಂದು ತನ್ನ ಮನೆಯನ್ನೂ ಸೇರಿಸಿಬಿಟ್ಟಿದ್ದ. ಅಂದಿನಿಂದ ಅಲ್ಲಿ ಏನು ಬದಲಿಸಬೇಕಾದರೂ ಸಮಿತಿಗೆ ಅರ್ಜಿ ಹಾಕಬೇಕು. ಎಲ್ಲರೂ ಹೊಗಳಿದ್ದರು. ಹೊಗಳಿಕೆ ಅವನಿಗೆ ಸುಲಭವಾಗಿ ತಲೆಗೇರುತ್ತದೆ. ಆಫೀಸಿನಲ್ಲಿ ಬೆನ್ನ ಹಿಂದೆ ಅವನನ್ನು ಕರೆಯುವುದು 'ಮುಟ್ಟಬೇಡಿ' ಎಂದು. "ಮುಟ್ಟಬೇಡಿ ಬಂದ್ರಾ?" "ಮುಟ್ಟಬೇಡಿ ಊಟಕ್ಕೆ ಹೋದ್ರು." ಇದು ಅವನಿಗೆ ಗೊತ್ತು, ಒಳಗೊಳಗೇ ಹೆಮ್ಮೆಯೂ ಇದೆ. ಮುಟ್ಟದೆ ಇರುವುದು ಎಷ್ಟು ಕಷ್ಟದ ವಿದ್ಯೆ ಎಂದು ಆ ಮೂರ್ಖರಿಗೆ ಏನು ಗೊತ್ತು. ಆದರೆ ಮನೆಯನ್ನು ಕೊಂಡುಕೊಂಡ ದಿನ ನೆನಪಾದರೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ. ಬೀದಿಯಲ್ಲಿ ಇಬ್ಬರೂ ನಿಂತು ನೋಡಿದ್ದರು. ಬಾಗಿಲ ಆಚೀಚೆ ಎರಡು ದೊಡ್ಡ ಕಿಟಕಿಗಳು, ಎರಡಕ್ಕೂ ಒಂದೇ ಹಾಗೆ ಅರ್ಧಚಂದ್ರದ ಹಣೆಪಟ್ಟಿ, ಒಂದೇ ಹಸಿರು ಪಟ್ಟಿಗಳು. "ಅಡುಗೆಮನೆಗೆ ಎಷ್ಟು ದೊಡ್ಡ ಕಿಟಕಿ ನೋಡ್ರೀ," ಎಂದು ಹೊಸ ಹೆಂಡತಿ ಅವನ ತೋಳು ಹಿಡಿದಿದ್ದಳು. ಬಲಗಡೆಯದು ಕಿಟಕಿಯಲ್ಲ, ಗೋಡೆಯ ಮೇಲೆ ಗಾರೆಯಲ್ಲಿ ಎತ್ತಿ ಬಣ್ಣ ಬಳಿದ ಕಿಟಕಿಯ ರೂಪ, ಎಡಗಡೆಯದಕ್ಕೆ ಜೋಡಿಯಾಗಲೆಂದು ಯಾವನೋ ಹಳೆಯ ಕಸುಬುದಾರ ಮಾಡಿದ ಹುಸಿ ಕಿಟಕಿ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಇಂಥದೊಂದು ಹುಸಿ ಕಿಟಕಿಗಾಗಿ ಅವನು ವಿದ್ಯಾರ್ಥಿಯಾಗಿದ್ದಾಗಿನಿಂದ ಹುಡುಕುತ್ತಿದ್ದ. ಖುಷಿಯಲ್ಲಿ ಬಾಯಿ ಕಟ್ಟಿಹೋಯಿತು ಎಂದು ಆಮೇಲೆ ಅವಳಿಗೆ ಹೇಳಿದ. ಅವಳು ಅಡುಗೆಮನೆಗೆ ಹೋಗಿ, ಕಿಟಕಿ ಇರಬೇಕಾದಲ್ಲಿ ಗೋಡೆಯನ್ನು ನೋಡಿ, ತಾನೇ ಕೋಣೆ ತಪ್ಪಿ ಬಂದೆನೇನೋ ಎಂದು ಹೊರಗೆ ಹೋಗಿ ಎಣಿಸಿಕೊಂಡು ಮತ್ತೆ ಒಳಗೆ ಬಂದಿದ್ದಳು. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳು ಎಷ್ಟು ದಿನ ನಕ್ಕಳು, ಯಾವಾಗ ನಿಲ್ಲಿಸಿದಳು ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಅವಳ ಕಸುಬು ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು. ಅದಕ್ಕೆ ಬೇರೆ ಕೋಣೆಗಳಿದ್ದವು, ಆದರೆ ಅವುಗಳಲ್ಲಿ ಬಾಗಿಲುಗಳಿದ್ದವು. ಕೆಡವಿದ ಮನೆಗಳಿಂದ ಅವನು ಉಳಿಸಿ ತಂದ ಬಾಗಿಲುಗಳು, ಚೌಕಟ್ಟುಗಳು, ಅಗಳಿಗಳು, ಒಂದು ಅರ್ಧ ಮೆಟ್ಟಿಲುಸಾಲು. ಹಜಾರದಲ್ಲಿ ಅಡ್ಡಡ್ಡ ನಡೆಯಬೇಕು. ಮಲಗುವ ಕೋಣೆಯಲ್ಲಿ ಮಂಚದ ಹಿಂದೆ ಒರಗಿಸಿಟ್ಟ ಬಾಗಿಲನ್ನು ಕತ್ತಲಲ್ಲಿ ನಿಜವಾದ ಬಾಗಿಲೆಂದುಕೊಂಡು ಅವನ ಅತ್ತೆ ಒಮ್ಮೆ ತಳ್ಳಿ, ಅದು ಬಿದ್ದು, ಆ ದಿನದಿಂದ ಮಗಳ ಮನೆಗೆ ಬಂದರೆ ಸೋಫಾದಲ್ಲೇ ಮಲಗುತ್ತಾರೆ. ಜಿಡ್ಡು ಹತ್ತಿದರೆ ಹಳೆಯ ಮರ ಹಾಳಾಗುತ್ತದೆಂದು ಅಡುಗೆಮನೆಯೊಂದಕ್ಕೆ ಮಾತ್ರ ಅವನು ಏನನ್ನೂ ತಂದಿಟ್ಟಿರಲಿಲ್ಲ. ಹಾಗಾಗಿ ಅವಳು ಅಲ್ಲಿ ಮೇಜು ಹಾಕಿಕೊಂಡಿದ್ದಳು. ಅಲ್ಲೇ ಅವನ ಪುಸ್ತಕದ ಕರಡನ್ನೂ ತಿದ್ದಿದ್ದಳು. ಪುಸ್ತಕ ಬಂದ ದಿನ ಅವನು ಹಾಳೆ ತಿರುಗಿಸುತ್ತ, ಮುಖ್ಯ ಅಧ್ಯಾಯದ ತಲೆಬರಹದ ಮೇಲೆ ಬೆರಳಿಟ್ಟು ನಿಂತುಬಿಟ್ಟ. 'ಹುಸಿ ಕಿಟಕಿ' ಎಂದಿರಬೇಕಾದಲ್ಲಿ ಕೊಂಬು ಬಿದ್ದುಹೋಗಿ 'ಹಸಿ ಕಿಟಕಿ' ಎಂದಾಗಿತ್ತು. ಅವನು ಬೈಯಲಿಲ್ಲ. "ಪರವಾಗಿಲ್ಲ ಬಿಡು," ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪುಸ್ತಕಗಳ ಕಟ್ಟನ್ನೆಲ್ಲ ಹಜಾರದಲ್ಲಿ ಬಿಚ್ಚಿಕೊಂಡು, ಅವಳು ಓಡಾಡುವ ದಾರಿಯಲ್ಲೇ ಕೂತು, ಒಂದೊಂದು ಪ್ರತಿಗೂ ಕಪ್ಪು ಪೆನ್ನಿನಿಂದ ಕೊಂಬು ಹಾಕಿದ. ವಾರಗಟ್ಟಲೆ ಹಾಕಿದ. ಅವಳು ಅವನನ್ನು ದಾಟಿ ಹೋಗುವಾಗೆಲ್ಲ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು.

ಸಮಿತಿ ಕೂರುವ ಕಟ್ಟಡವನ್ನೂ ಅವನೇ ಉಳಿಸಿದ್ದು. ಕೋಣೆಯ ಬಾಗಿಲು ಹಿಗ್ಗಿ ಮುಚ್ಚುವುದಿಲ್ಲ. ಹೆರೆದು ಸರಿಮಾಡುತ್ತೇವೆಂದು ಬಡಗಿಗಳು ಬಂದಾಗ ಮರದ ಮೇಲಿನ ಹಳೆಯ ಉಳಿಯ ಗುರುತು ಹೋಗುತ್ತದೆಂದು ಅವನು ಅಡ್ಡ ನಿಂತಿದ್ದ. ಅಂದಿನಿಂದ ಸಮಿತಿಯ ಸದಸ್ಯರು ಗಾಳಿಗೆ ಹಾರುವ ಕಾಗದಗಳ ಮೇಲೆ ಒಂದು ಕೈಯಿಟ್ಟುಕೊಂಡೇ ತೀರ್ಮಾನಗಳನ್ನು ಮಾಡುತ್ತಾರೆ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಅವರ ಎಡಕ್ಕೆ ಇತಿಹಾಸ ಕಲಿಸುವ ಮೇಡಂ, ಬಲಕ್ಕೆ ನಗರಸಭೆಯ ಇಂಜಿನಿಯರ್. ಈ ಅರ್ಜಿಯಿಂದ ತಾನು ದೂರ ಇರುತ್ತೇನೆಂದು ಅವನು ಹೇಳಿನೋಡಿದ್ದ. "ಕಿಟಕಿ ವಿಷಯ ತಿಳಿದೋರು ನಿಮ್ಮನ್ನ ಬಿಟ್ಟರೆ ಯಾರಿದಾರೆ? ನಿಮ್ಮ ಮನೆಯನ್ನೇ ಪಟ್ಟಿಗೆ ಸೇರಿಸಿದೋರು ನೀವು. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬೋದು?" ಎಂದು ನ್ಯಾಯಾಧೀಶರು ಹೇಳಿದಾಗ ಅವನ ಎದೆ ಉಬ್ಬಿತ್ತು. ಈಗ ಅದೇ ಎದೆ ಡವಗುಟ್ಟುತ್ತಿತ್ತು. ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು, ಸಮಿತಿಯ ನೋಟೀಸನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಎರಡು ಕಡೆ ಕೆಂಪು ಗುರುತು ಹಾಕಿದ್ದಳು. ಕೈ ಸುಮ್ಮನಿರಲಿಲ್ಲವೇನೋ. ಅವಳ ಅರ್ಜಿಯಲ್ಲಿ ಮಾತ್ರ ಒಂದು ಅಲ್ಪವಿರಾಮವೂ ಹೆಚ್ಚಿಗೆ ಇರಲಿಲ್ಲ.

"ಕಿಟಕಿ ಯಾಕೆ ಬೇಕಮ್ಮ?" ಎಂದು ನ್ಯಾಯಾಧೀಶರು ಕೇಳಿದರು.

"ಕಾಣೋದಿಲ್ಲ ಸಾರ್."

"ಬಲ್ಬ್ ಹಾಕ್ಕೋಬಹುದಲ್ಲ ಮೇಡಂ," ಎಂದ ಇಂಜಿನಿಯರ್.

"ಹಾಕಿದೀನಿ. ಅದು ನನ್ನ ಬೆನ್ನ ಹಿಂದಿದೆ. ಬಗ್ಗಿದ್ರೆ ನನ್ನ ತಲೆ ನೆರಳು ಹಾಳೆ ಮೇಲೆ ಬೀಳುತ್ತೆ. ಬಲ್ಬ್ ಮುಂದಕ್ಕೆ ಎಳೆಯೋಣ ಅಂದ್ರೆ ಛಾವಣಿಗೆ ಮೊಳೆ ಹೊಡೀಬಾರ್ದಂತೆ. ಪಟ್ಟಿಯಲ್ಲಿದೆ."

ಅವನು ಹಾರಬೇಕೆಂದಿದ್ದ ಕಾಗದವೊಂದನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಛಾವಣಿಯ ವಿಷಯ ಅವಳು ಯಾವತ್ತು ಕೇಳಿದ್ದಳು? ಕೇಳಿರಬೇಕು. ತಾನು ಪೇಪರು ಓದುತ್ತಲೋ ಷೂ ಹಾಕಿಕೊಳ್ಳುತ್ತಲೋ "ಮುಟ್ಟಬೇಡ" ಎಂದಿರಬೇಕು. ಅಷ್ಟು ಸಲೀಸಾಗಿ ಬರುವ ಮಾತು ಅದು. ಅಷ್ಟರಲ್ಲಿ ಇತಿಹಾಸದ ಮೇಡಂ ಅರ್ಜಿಯ ಜೊತೆಗಿದ್ದ ಚಿತ್ರ ನೋಡಿ, "ಅಯ್ಯೋ, ಇದು ನಮ್ಮ ಹಸಿ ಕಿಟಕಿ ಅಲ್ವಾ," ಎಂದು ನಕ್ಕರು. ಪುಸ್ತಕಕ್ಕೆ ವಿಮರ್ಶೆ ಬರೆದಾಗ ಕಿಟಕಿ ಇನ್ನೂ ಬೆಂದಿಲ್ಲವೆಂದು ಚುಡಾಯಿಸಿದವರು ಅವರೇ. ಇಂಜಿನಿಯರ್ ನಕ್ಕ. ನ್ಯಾಯಾಧೀಶರು ಅರ್ಥವಾಗದಿದ್ದರೂ ನಕ್ಕರು. ಅವನೂ ನಕ್ಕ, ಸಭ್ಯ ಮನುಷ್ಯ ತನ್ನ ಪುಸ್ತಕದ ತಪ್ಪಿಗೆ ನಗುವ ಹಾಗೆ.

"ಆ ತಪ್ಪು ಅವರದಲ್ಲ, ನನ್ನದು ಮೇಡಂ," ಎಂದಳು ಹೆಂಡತಿ. "ಕರಡು ನೋಡಿದ್ದು ನಾನು. ಎರಡು ಸಲ ನೋಡಿದೆ. ಕೊಂಬು ಇದೆ ಅಂತಲೇ ಕಾಣ್ತಿತ್ತು. ಅದಾದ ಮೇಲೆ ಪ್ರೆಸ್ಸಿನೋರು ಕೆಲಸ ಕೊಡೋದು ಕಮ್ಮಿ ಮಾಡಿದ್ರು. ಡಾಕ್ಟ್ರು ಕಣ್ಣೇನೂ ಹಾಳಾಗಿಲ್ಲ, ಬೆಳಕಿರೋ ಕಡೆ ಕೂತ್ಕೊಳ್ಳಿ ಅಂದ್ರು. ಅದಕ್ಕೇ ಅರ್ಜಿ. ಈ ಕಸುಬು ಬಿಟ್ರೆ ನನಗೆ ಬೇರೆ ಗೊತ್ತಿಲ್ಲ ಸಾರ್."

ಪ್ರೆಸ್ಸಿನವರು ಕೆಲಸ ಕಮ್ಮಿ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ಇತ್ತೀಚೆಗೆ ಅವಳು ಸಂಜೆ ಹೊತ್ತು ಸುಮ್ಮನೆ ಕೂತಿರುವುದನ್ನು ಕಂಡು, ಪಾಪ ಈಗ ಸ್ವಲ್ಪ ಬಿಡುವು ಸಿಕ್ಕಿತಲ್ಲ ಎಂದುಕೊಂಡಿದ್ದ. ಊರಲ್ಲಿರುವ ಹಳೆಯ ತೊಲೆಗಳಲ್ಲಿ ಯಾವುದಕ್ಕೆ ಗೆದ್ದಲು ಹತ್ತಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು. ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಅರ್ಜಿದಾರರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದು, ನಿಯಮ ನೆನಪಾಗಿ, ಕೆಮ್ಮಿದ.

ಇತಿಹಾಸದ ಮೇಡಂ ಈಗ ಮೆತ್ತಗಾಗಿದ್ದರು, ಆದರೆ ಅವರಿಗೂ ನಿಯಮ ಬಾಯಿಪಾಠ. ಅಲ್ಲಿ ಮೊದಲು ನಿಜವಾದ ಕಿಟಕಿಯಿದ್ದು ಆಮೇಲೆ ಯಾರಾದರೂ ಮುಚ್ಚಿದ್ದರೆ, ಅದನ್ನು ತೆರೆಯಬಹುದು, ಮೂಲಕ್ಕೆ ಮರಳಿಸಿದ ಹಾಗಾಗುತ್ತದೆ. ಕಟ್ಟುವಾಗಲೇ ಹುಸಿಯಾಗಿ ಕಟ್ಟಿದ್ದರೆ ಆ ಹುಸಿಯೇ ಮೂಲ, ಅದನ್ನು ಕಾಪಾಡಬೇಕು. ಎಲ್ಲರೂ ಅವನ ಕಡೆ ತಿರುಗಿದರು. "ಕಟ್ಟುವಾಗಲೇ ಹುಸಿ," ಎಂದ ಅವನು. "ಪುಸ್ತಕದಲ್ಲಿ ಬರೆದಿದೀನಿ."

"ಬರೆದಿಲ್ಲ ಸಾರ್," ಎಂದಳು ಹೆಂಡತಿ ನ್ಯಾಯಾಧೀಶರಿಗೆ. "'ಎಂದು ಭಾವಿಸಬಹುದು' ಅಂತ ಬರೆದಿದಾರೆ. ಬಿಚ್ಚಿ ನೋಡಿದೀನಿ ಅಂತ ಎಲ್ಲೂ ಇಲ್ಲ. ಗೋಡೆ ಮುಟ್ಟೋದು ಅವರಿಗೆ ಆಗೋದಿಲ್ಲ."

ನ್ಯಾಯಾಧೀಶರ ಮುಖ ಅರಳಿತು. ನಿವೃತ್ತರಾದ ಮೇಲೆ ಅವರಿಗೆ ಇಂಥ ಸಾಕ್ಷಿ ಸಿಕ್ಕಿರಲಿಲ್ಲ. ಈಗಲೇ ಸ್ಥಳಕ್ಕೆ ಹೋಗಿ ನೋಡಿಬಿಡೋಣ ಎಂದು ಎದ್ದರು. ಕಾಗದಗಳು ಹಾರಿದವು.

ಬೀದಿಯಲ್ಲಿ ನಾಲ್ವರು ಸದಸ್ಯರು ಒಂದು ಗುಂಪಾಗಿ, ಅರ್ಜಿದಾರಳು ಸ್ವಲ್ಪ ಹಿಂದೆ ನಡೆದರು. ಬೀಗದ ಕೈ ಅವಳ ಹತ್ತಿರವಿತ್ತು, ಹಾಗಾಗಿ ಬಾಗಿಲ ಮುಂದೆ ಎಲ್ಲರೂ ಅವಳಿಗಾಗಿ ಕಾಯಬೇಕಾಯಿತು. ತನ್ನ ಮನೆಗೆ ಹೀಗೆ ಪರಕೀಯನ ಹಾಗೆ, "ಬನ್ನಿ, ಒಳಗೆ ಬನ್ನಿ" ಎಂದು ಹೆಂಡತಿಯಿಂದ ಕರೆಸಿಕೊಂಡು ಹೋಗುವುದು ವಿಚಿತ್ರವಾಗಿತ್ತು. ಇಂಜಿನಿಯರ್ ಗೋಡೆಯ ಹೊರಮುಖ ನೋಡಿಕೊಳ್ಳುತ್ತೇನೆಂದು ಬಿಸಿಲಲ್ಲೇ ಉಳಿದ. ನ್ಯಾಯಾಧೀಶರು ಹಜಾರದಲ್ಲಿ ಬಾಗಿಲುಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯುತ್ತ, "ಇಷ್ಟೊಂದು ಬಾಗಿಲಿದೆ, ಒಂದು ಕಿಟಕಿ ಇಲ್ಲ ನೋಡಿ," ಎಂದರು. ತಮಾಷೆಗೆ ಹೇಳಿದ್ದು. ಇತಿಹಾಸದ ಮೇಡಂ ನಗಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಗೋಡೆಗೆ ಒತ್ತಿಕೊಂಡಿದ್ದ ಶೆಲ್ಫಿನಿಂದ ಡಬ್ಬಿಗಳನ್ನು ಇಳಿಸಿ ಕೊಟ್ಟಳು. ಅವನು ಉಳಿ, ಸಣ್ಣ ಸುತ್ತಿಗೆ, ಟಾರ್ಚು ತಂದು ಮಂಡಿಯೂರಿದ. ಹೊರಗಿನ ಕಿಟಕಿಯ ಅಂಚು ಬರುವ ಕಡೆ ಒಳಗಿನಿಂದ ಅಂಗೈಯಗಲ ಗಾರೆ ಕೆತ್ತಿದರೆ ಸಾಕು. ಒಳಗಿನ ಇಟ್ಟಿಗೆ ಪಕ್ಕದ ಗೋಡೆಯ ಇಟ್ಟಿಗೆಯ ಜೊತೆ ಕಚ್ಚಿಕೊಂಡಿದ್ದರೆ ಎರಡನ್ನೂ ಒಟ್ಟಿಗೇ ಕಟ್ಟಿದ್ದು, ಅಂದರೆ ಹುಟ್ಟಿನಿಂದಲೇ ಹುಸಿ. ನಡುವೆ ನೆಟ್ಟಗೆ ಸಂದು ಇದ್ದರೆ ಆಮೇಲೆ ಮುಚ್ಚಿದ್ದು. "ಬಲ್ಬ್ ಆರಿಸಿ," ಎಂದ ಅವನು. ಗೋಡೆಗೆ ತಾಗಿಸಿ ಟಾರ್ಚು ಬಿಟ್ಟಾಗ ಮೇಲ್ಮೈಯ ಉಬ್ಬುತಗ್ಗು ತಿಳಿಯುತ್ತದೆ, ಬೇರೆ ಬೆಳಕಿರಬಾರದು. "ಕತ್ತಲಿದ್ರೇ ಕಾಣೋದು," ಎಂದು ವಿವರಿಸಿದ.

"ನನಗೆ ಉಲ್ಟಾ," ಎಂದಳು ಅರ್ಜಿದಾರಳು, ಬಲ್ಬ್ ಆರಿಸುತ್ತ.

ಮಟಮಟ ಮಧ್ಯಾಹ್ನ. ಕೋಣೆ ಬಾವಿಯ ಹಾಗಾಯಿತು. ಅವನು ಕೆತ್ತಿದ. ಈ ಗಾರೆಯ ಮೇಲೆ ಉಳಿಯಿಟ್ಟ ಮೊದಲನೆಯವನು ತಾನೇ ಎಂದು ಸಂಕಟವಾಯಿತು. ಸಂದು ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದನೆ, ಸಿಗದಿರಲಿ ಎಂದೇ? ಅವನನ್ನು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಗಾರೆಯ ಹಕ್ಕಳೆ ಬಿತ್ತು. ಊದಿದ. ಟಾರ್ಚು ಹಿಡಿದ. ಇಟ್ಟಿಗೆಗಳು ಒಂದರೊಳಗೊಂದು, ಮೇಲಿಂದ ಕೆಳಗಿನವರೆಗೆ, ಎಷ್ಟು ಚಂದವಾಗಿ ಕಚ್ಚಿಕೊಂಡಿದ್ದವೆಂದರೆ ಅವನ ಗಂಟಲಿಗೆ "ನಾನು ಹೇಳಿರಲಿಲ್ವಾ" ಎಂಬುದು ಬಿಕ್ಕಳಿಕೆಯಂತೆ ಬಂದುಬಿಟ್ಟಿತು. ತಡೆದುಕೊಂಡ. ಇಷ್ಟು ವರ್ಷ ಮುಟ್ಟದೆಯೇ ಸರಿಯಾಗಿ ಹೇಳಿದ್ದ. ಪುಸ್ತಕ ಸರಿ, ತಾನು ಸರಿ, ತಲೆಬರಹವೊಂದನ್ನು ಬಿಟ್ಟು ಎಲ್ಲ ಸರಿ. ಆ ಗೆಲುವಿನ ಮುಖ ಹೊತ್ತುಕೊಂಡೇ ತಿರುಗಿದ. ಟಾರ್ಚಿನ ಬೆಳಕು ಅವನ ಮುಖದ ಮೇಲಿತ್ತು. ಹೆಂಡತಿ ಅದನ್ನು ಓದಿದಳು. ಓದುವುದೇ ಅವಳ ಕಸುಬು.

"ಕಚ್ಕೊಂಡಿದೆ ಅಲ್ವಾ?" ಎಂದಳು. ಅವನು ಟಾರ್ಚು ಆರಿಸಿದ. "ಹೋಗ್ಲಿ ಬಿಡಿ."

ಅಷ್ಟು ಹೇಳಿ ಅವಳು ಡಬ್ಬಿಗಳನ್ನು ವಾಪಸು ಇಡತೊಡಗಿದಳು. ಬಲ್ಬ್ ಹಾಕಲಿಲ್ಲ. ತಡಕಾಡಲೂ ಇಲ್ಲ. ಉಪ್ಪಿನದು, ಸಕ್ಕರೆಯದು, ಮುಚ್ಚಳ ಸಡಿಲವಾದದ್ದು, ಒಂದೊಂದೂ ಆ ಕತ್ತಲಲ್ಲಿ ತನ್ನ ಜಾಗಕ್ಕೆ ಟಕ್ ಎಂದು ಹೋಗಿ ಕೂತಿತು. ಅವನು ಮಂಡಿಯೂರಿದ್ದಲ್ಲೇ ಕೇಳಿಸಿಕೊಂಡ. ಮನೆಗೆ ಕಾಲಿಟ್ಟ ಹೊಸದರಲ್ಲಿ ಅವಳು ಇಲ್ಲಿ ತಡವರಿಸಿದ್ದಿರಬೇಕು, ಕೈ ಸುಟ್ಟುಕೊಂಡಿದ್ದಿರಬೇಕು, ಯಾವುದೋ ಹಂತದಲ್ಲಿ ಇನ್ನು ಬೆಳಕು ಬರುವುದಿಲ್ಲವೆಂದು ನಿಶ್ಚಯವಾಗಿ ಕೈಗೆ ದಾರಿ ಕಲಿಸಿಕೊಂಡಿರಬೇಕು. ತಾನು ಆಗೆಲ್ಲ ಹೊರಗೆ ಬೀದಿಯಲ್ಲಿ, ಇದೇ ಗೋಡೆಯ ಆಚೆ ಬದಿಗೆ, ನೋಡಲು ಬಂದ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಹುಸಿ ಕಿಟಕಿಯನ್ನು ಹೊಗಳುತ್ತಿದ್ದ. ಗೋಡೆ ಒಂದೇ ಇಟ್ಟಿಗೆಯ ದಪ್ಪ. ತಾನು ಹೇಳಿದ್ದೆಲ್ಲ ಒಳಗೆ ಕೇಳುತ್ತಿತ್ತೋ ಏನೋ. ಸಂದು ಇದೆ ಎಂದುಬಿಡಬಹುದಿತ್ತು. ನ್ಯಾಯಾಧೀಶರಿಗೆ ಇಟ್ಟಿಗೆಯ ಗಂಧವಿಲ್ಲ, ಇತಿಹಾಸದ ಮೇಡಂ ಮಂಡಿನೋವಿನಿಂದ ಬಗ್ಗುವುದಿಲ್ಲ. ಆದರೆ ಗೋಡೆಯ ಬಗ್ಗೆ ಸುಳ್ಳು ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಹೆಂಡತಿಯ ಬಗ್ಗೆ ನಿಜ ಹೇಳಲೂ ಇದುವರೆಗೆ ಬಂದಿರಲಿಲ್ಲ.

"ಕಟ್ಟುವಾಗಲೇ ಹುಸಿ," ಎಂದ ಎದ್ದು ನಿಂತು. "ಅನುಮಾನವೇ ಇಲ್ಲ. ತೆರೀಬೇಕು."

"ತೆರೀಬಾರದು ಅಂತ ನಿಮ್ಮ ಅರ್ಥ," ಎಂದರು ನ್ಯಾಯಾಧೀಶರು.

"ತೆರೀಬೇಕು ಅಂತ ಸಾರ್."

"ಯಾವ ಆಧಾರದ ಮೇಲೆ?"

"ಒಳಗೆ ಕತ್ತಲಿದೆ."

"ಅದು ಆಧಾರ ಹೇಗಾಗುತ್ತೆ? ದುರಸ್ತಿ ಅಂತಿದೆ, ಮೂಲಕ್ಕೆ ಮರಳಿಸೋದು ಅಂತಿದೆ. ಕತ್ತಲು ಅಂತ ಇಲ್ಲ. ಬರೆದೋರು ನೀವೇ."

"ಬರೆಯುವಾಗ ನಾನು ಹೊರಗಡೆಯಿಂದ ನೋಡಿ ಬರೆದಿದ್ದು ಸಾರ್," ಎಂದ ಅವನು. "ಕಟ್ಟಿದೋನು ಬೀದಿಯೋರಿಗೆ ಕಿಟಕಿ ಕೊಟ್ಟ, ಒಳಗಿನೋರಿಗೆ ಗೋಡೆ ಕೊಟ್ಟ. ತಪ್ಪು ಮಾಡಿದಾನೆ. ನಾನು ಅದನ್ನ ಹೊಗಳ್ಕೊಂಡು ಬಂದೆ."

ನ್ಯಾಯಾಧೀಶರು ಕತ್ತಲಲ್ಲಿ ಗಲ್ಲ ಕೆರೆದುಕೊಳ್ಳುವ ಸದ್ದು ಕೇಳಿಸಿತು. ಇತಿಹಾಸದ ಮೇಡಂ ನಿಧಾನವಾಗಿ, "ತಿದ್ದುಪಡಿ ಅನ್ನೋಕೆ ಅವಕಾಶ ಇದೆಯಾ ಸಾರ್?" ಎಂದರು. ಕಾನೂನಿಗೆ ಆಗುವ ಮಾತು, ಕರಡಿಗೂ ಆಗುವ ಮಾತು. ನ್ಯಾಯಾಧೀಶರು ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ, "ಇದೆ. ತಿದ್ದುಪಡಿ ಅಂತಲೇ ಬರೆಸೋಣ," ಎಂದರು. ಹೊರಗಿನ ಅಂದ ಆದಷ್ಟು ಹಾಗೇ ಉಳಿಯಬೇಕು, ಮೊದಲ ಇಟ್ಟಿಗೆ ಪರಿಣತರೇ ತೆಗೆಯಬೇಕು. "ಈಗಲೇ ತೆಗೀರಿ. ನಾಳೆ ನಿಮ್ಮ ಮನಸ್ಸು ಬದಲಾಗುತ್ತೆ."

ಅವನು ತೆಗೆದ. ಸುತ್ತಲ ಗಾರೆ ಬಿಡಿಸಿ, ಇಟ್ಟಿಗೆಯನ್ನು ಆಚೀಚೆ ಅಲುಗಿಸಿ, ಹಲ್ಲು ಕೀಳುವವನ ಹಾಗೆ ಎಳೆದ. ಹೊರಗಿನ ಬಣ್ಣದ ಗಾರೆ, ಆ ಹಸಿರು ಪಟ್ಟಿಗಳಲ್ಲೊಂದು, ಚಟ್ಟೆಂದು ಒಡೆದಾಗ ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ಬಿಸಿಲು ಒಳಗೆ ಬಂದಿತ್ತು. ಅಗಲವಾದ ಒಂದು ಪಟ್ಟಿ ಅವನ ಹೆಗಲ ಮೇಲಿಂದ ಹಾದು ಎದುರು ಗೋಡೆಗೆ ಹೊಡೆದಿತ್ತು. ಎಲ್ಲರೂ ಅತ್ತ ನೋಡಿದರು. ಒಲೆಯ ಮೇಲಿನ ಗೋಡೆ ಜಿಡ್ಡಿನಿಂದ ಕಂದಾಗಿತ್ತು. ಮೂಲೆಯಲ್ಲಿ ಬಲೆ ಜೋತುಬಿದ್ದಿತ್ತು. ಶೆಲ್ಫಿನ ಅಂಚುಗಳಲ್ಲಿ ಒರೆಸಿದ ಗುರುತು ಇತ್ತು, ಒರೆಸುವಾಗ ಬಿಟ್ಟುಹೋದ ದ್ವೀಪಗಳಂಥ ಕಲೆಗಳೂ ಇದ್ದವು. ಅವಳು ಪ್ರತಿದಿನ ಒರೆಸುತ್ತಿದ್ದಳು, ಅವನಿಗೆ ಗೊತ್ತು. ಕಾಣದೆ ಒರೆಸುತ್ತಿದ್ದಳು.

"ಅಯ್ಯೋ," ಎಂದಳು ಹೆಂಡತಿ, ತೀರ ಸಣ್ಣಗೆ. ಸಮಿತಿಯ ಮುಂದೆ ತಪ್ಪು ಒಪ್ಪಿಕೊಂಡಾಗ ಅಲುಗದಿದ್ದ ಮುಖ ಈಗ ಕೆಂಪಾಯಿತು. ಎರಡೇ ಹೆಜ್ಜೆಗೆ ಬಂದು ತೂತಿನ ಮೇಲೆ ಅಂಗೈ ಅಡ್ಡ ಇಟ್ಟಳು. ಕೋಣೆ ಮತ್ತೆ ಕತ್ತಲಾಯಿತು. "ಒಂದು ನಿಮಿಷ ಸಾರ್. ಇಷ್ಟಿದೆ ಅಂತ ಗೊತ್ತಿರ್ಲಿಲ್ಲ. ಒರೆಸಿಬಿಡ್ತೀನಿ, ಆಮೇಲೆ ನೋಡಿ."

ನ್ಯಾಯಾಧೀಶರಿಗೆ ಹಜಾರದ ಬಾಗಿಲುಗಳನ್ನು ಸರಿಯಾಗಿ ನೋಡಿರಲಿಲ್ಲವೆಂದು ನೆನಪಾಯಿತು. ಇತಿಹಾಸದ ಮೇಡಂಗೂ ನೆನಪಾಯಿತು. ಅವರ ಹೆಜ್ಜೆಗಳು ಅಡ್ಡಡ್ಡ ದೂರವಾದವು. ಅವಳು ಕೈ ತೆಗೆಯದೆ ನಿಂತಿದ್ದಳು, ಬಟ್ಟೆ ಎಟುಕದೆ ಇನ್ನೊಂದು ಕೈ ಗಾಳಿಯಲ್ಲಿ ಚಾಚಿತ್ತು. ಅವಳ ಮೇಲೆ ಅವನಿಗೆ ಎಂಥ ಪ್ರೀತಿ ಬಂತೆಂದರೆ ಕಣ್ಣು ಒದ್ದೆಯಾಯಿತು. ಗಾರೆಯ ದೂಳೆಂದುಕೊಂಡ. ಅವಳ ಕೈಯನ್ನು ಮೆಲ್ಲಗೆ ಸರಿಸಿ, ತನ್ನ ಅಂಗೈಯನ್ನು ಅಲ್ಲಿಟ್ಟ.

"ನೀನು ಒರೆಸ್ಕೋ. ನಾನು ಹಿಡ್ಕೊಂಡಿರ್ತೀನಿ."

"ಮಾತಾಡಬಹುದಾ ಈಗ?"

"ತೀರ್ಮಾನ ಆಯ್ತಲ್ಲ."

ಹೊರಗಿನಿಂದ ಯಾವುದೋ ಚೂಪಾದದ್ದು ಅವನ ಅಂಗೈಗೆ ಚುಚ್ಚಿತು. ಇಂಜಿನಿಯರ್ ಪೆನ್ಸಿಲು ತೂರಿಸಿ ನೋಡುತ್ತಿದ್ದ. "ಸಾರ್, ಬೆಳಕು ಬಂತಾ ಒಳಗೆ?" ಎಂದು ಕೂಗಿದ.

"ತಡೀರಿ," ಎಂದು ಅವನು ಗೋಡೆಗೆ ಬಾಯಿಟ್ಟು ಹೇಳಿದ.

ಹಿಂದೆ ನೀರಿನ ಸದ್ದು, ಬಟ್ಟೆ ಹಿಂಡುವ ಸದ್ದು, ಗೋಡೆ ಉಜ್ಜುವ ಸದ್ದು. ಅಂಗೈ ಬೆಚ್ಚಗಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು, "ರೀ, ಇಲ್ಲಿ ಹೋಗಿದೆಯೋ ಇಲ್ಲವೋ ಕಾಣ್ತಿಲ್ಲ, ಒಂದು ಬೆರಳು ಬಿಡಿ," ಎಂದಳು.

ಅವನು ಕಿರುಬೆರಳು ಎತ್ತಿದ.

"ಇನ್ನೊಂದು," ಎಂದಳು.

ಅವನು ಇನ್ನೊಂದು ಎತ್ತಿದ.